ಮೂರು ಕಂಠಗಳ ಕನ್ನಡ

ಕವಿತೆಯು ಪುಸ್ತಕದಲ್ಲಿ ಅಚ್ಚಾದ ಮಾತ್ರಕ್ಕೆ ಜನರ ನಾಲಗೆಯ ಮೇಲೆ ನೆಲಸುವುದಿಲ್ಲ. ಅಕ್ಷರ ಬಲ್ಲವರು ಅದನ್ನು ಓದಿಯಾರು. ಉಳಿದವರಿಗೆ ಅದು ತಲಪಬೇಕಾದರೆ ಕಂಠವೊಂದು ಬೇಕು. ಹೊಸಗನ್ನಡ ಕವಿತೆಗೆ ಅಂಥ ಕಂಠವನ್ನು ಒದಗಿಸಿದವರಲ್ಲಿ ಪಿ. ಕಾಳಿಂಗರಾಯರು ಅಗ್ರಗಣ್ಯರು. ಆದರೆ ಅವರೊಡನೆ ಹಾಡಿದ ಸೋದರಿಯರಾದ ಮೋಹನಕುಮಾರಿ, ಸೋಹನಕುಮಾರಿಯರನ್ನು ಸ್ಮರಿಸದೆ ಈ ಮಾತು ಪೂರ್ಣವಾಗದು.

ಪಾಂಡೇಶ್ವರ ಕಾಳಿಂಗರಾಯರು 1914ರಲ್ಲಿ ಇಂದಿನ ಉಡುಪಿ ಜಿಲ್ಲೆಯ ಆರೂರಿನಲ್ಲಿ ಜನಿಸಿದರು. ಯಕ್ಷಗಾನದ ಮನೆತನ ಅವರದು. ಎಳೆಯ ವಯಸ್ಸಿನಲ್ಲಿಯೇ ನಾಟಕ ಮಂಡಳಿಯನ್ನು ಸೇರಿ ರಂಗಗೀತೆಗಳನ್ನು ಹಾಡಿದರು. ಹಿಂದೂಸ್ತಾನಿ ಸಂಗೀತವನ್ನು ಅರಗಿಸಿಕೊಂಡರು. ಮದರಾಸಿನಲ್ಲಿದ್ದು ಚಲನಚಿತ್ರರಂಗದಲ್ಲಿಯೂ ದುಡಿದರು. 1959ರ ‘ಅಬ್ಬಾ ಆ ಹುಡುಗಿ’ ಚಿತ್ರಕ್ಕೆ ಸಂಗೀತ ಸಂಯೋಜಿಸಿದವರು ಅವರೇ. ಆದರೂ ಅವರಿಗೆ ಚಿರಕೀರ್ತಿಯನ್ನು ತಂದುದು ಭಾವಗೀತೆಗಳ ಗಾಯನ.

ಈ ಮೂವರ ಗಾಯನದ ಮರ್ಮವನ್ನು ಅರಿಯುವುದು ಕಷ್ಟವಲ್ಲ. ಮುಖ್ಯ ಗಾಯಕನು ಸಾಲನ್ನು ಎತ್ತಿಕೊಳ್ಳುತ್ತಾನೆ. ಜೊತೆಯ ಕಂಠಗಳು ಪಲ್ಲವಿಯನ್ನು ಮರಳಿ ನುಡಿದು ಅದನ್ನು ಕೇಳುಗನ ಮನಸ್ಸಿನಲ್ಲಿ ನಾಟಿಸುತ್ತವೆ. ಕೇಳುಗನೂ ತನಗರಿವಿಲ್ಲದೆಯೇ ಅವರೊಡನೆ ದನಿಗೂಡಿಸುತ್ತಾನೆ. ರಾಗದ ವಿಸ್ತಾರಕ್ಕಿಂತ ಮಾತಿನ ಸ್ಪಷ್ಟತೆಗೆ ಇಲ್ಲಿ ಮೊದಲ ಮನ್ನಣೆ. ಅಂದಿನ ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಅದರ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು 3 ನಿಮಿಷಗಳ ಹಾಡು ಮಾತ್ರ. ಅಷ್ಟು ಅಲ್ಪ ಕಾಲದಲ್ಲಿ ಕವಿಯ ಭಾವವನ್ನು ಕೇಳುಗನ ಹೃದಯಕ್ಕೆ ಮುಟ್ಟಿಸಬೇಕಾಗಿತ್ತು.

ಅವರ ಹಾಡುಗಳ ಹರಹು ಬೆರಗುಗೊಳಿಸುವಂಥದು. ಕುವೆಂಪು ಅವರ ‘ಎಲ್ಲಾದರು ಇರು’ ಕಾಳಿಂಗರಾಯರ ದನಿಯಲ್ಲಿ ಮನೆಮಾತಾಯಿತು. ಜಿ. ಪಿ. ರಾಜರತ್ನಂ ಅವರು ಸೃಷ್ಟಿಸಿದ ಹೆಂಡಗುಡುಕ ರತ್ನನ ಆಡುಮಾತಿಗೂ, ಪುರಂದರದಾಸರ ಕೀರ್ತನೆಗೂ, ‘ಮೂಡಲ್ ಕುಣಿಗಲ್ ಕೆರೆ’ ಎಂಬ ಜನಪದ ಗೀತೆಗೂ ಅವರಲ್ಲಿ ಸಮಾನ ಗೌರವವಿತ್ತು. ‘ಅಂತಿಂಥ ಹೆಣ್ಣು’, ‘ಬಾರಯ್ಯ ಬೆಳದಿಂಗಳೆ’ ಇವುಗಳನ್ನು ಹಿರಿಯರು ಇಂದಿಗೂ ಮೆಲುಕುಹಾಕುವುದುಂಟು. ದಾಸರು, ಕವಿಗಳು, ಹಳ್ಳಿಗರು ಒಂದೇ ವೇದಿಕೆಯಲ್ಲಿ ಸೇರಿದುದು ಹೀಗೆ.

ಕೂಡಿ ಹಾಡುವ ಈ ಕಲೆ ಕನ್ನಡಕ್ಕೆ ಮಾತ್ರ ಮೀಸಲಾದುದಲ್ಲ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 1953ರಲ್ಲಿ ಕೂಡಿದ ‘ಫೋರ್ ಟಾಪ್ಸ್’ ಎಂಬ ನಾಲ್ವರು ಕರಿಯ ಗಾಯಕರು, 1997ರಲ್ಲಿ ಒಬ್ಬರು ಅಗಲುವವರೆಗೂ ಬೇರೆಯಾಗದೆ ಹಾಡಿದರು. ಅಲ್ಲಿಯೂ ಲೀವೈ ಸ್ಟಬ್ಸ್ ಅವರ ಮುಂಗಂಠಕ್ಕೆ ಉಳಿದ ಮೂವರ ದನಿ ಆಸರೆಯಾಗಿತ್ತು. ಆಸರೆಯಿಲ್ಲದ ಮುಂಗಂಠವನ್ನು ಊಹಿಸಿಕೊಂಡರೆ ಜೊತೆಗಾರರ ಬೆಲೆ ತಿಳಿಯುತ್ತದೆ.

ಕಾಳಿಂಗರಾಯರು 1981ರಲ್ಲಿ ನಿಧನರಾದರು. ಅವರ ಹೆಸರು ಉಳಿದಿದೆ. ಸೋದರಿಯರ ಹೆಸರು ಮಾತ್ರ ಮರೆವಿಗೆ ಸಲ್ಲುತ್ತಿದೆ. ಇದು ನ್ಯಾಯವಲ್ಲವೆಂದು ನಾವು ಭಾವಿಸುತ್ತೇವೆ.

ನೆರೂಳದಲ್ಲಿರುವ ನಮಗೆ ಈ ವಿಚಾರ ದೂರದ್ದಲ್ಲ. ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಉದ್ಯೋಗದಲ್ಲಿ ಇಂಗ್ಲಿಷ್ ನಮ್ಮ ಮಕ್ಕಳ ಕಿವಿಯನ್ನು ತುಂಬುತ್ತವೆ. ಆ ಭಾಷೆಗಳೂ ನಮಗೆ ಬೇಕಾದವುಗಳೇ. ಆದರೆ ಕನ್ನಡವು ಪಾಠದ ಪುಸ್ತಕದಲ್ಲಿ ಮಾತ್ರ ಉಳಿದರೆ, ಪರೀಕ್ಷೆ ಮುಗಿದೊಡನೆ ಅದೂ ಮುಗಿದೀತು. ಹಾಡಾಗಿ ಕಲಿತ ಪದ್ಯವಾದರೋ ಮುಪ್ಪಿನವರೆಗೂ ಜೊತೆಗಿರುತ್ತದೆ. ಶಾಲೆಯ ಸಮೂಹಗಾನದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಪಲ್ಲವಿಯನ್ನಷ್ಟೇ ಹಾಡುವ ಬಾಲಕ ಬಾಲಕಿಯರು ತಮ್ಮ ಪಾಲು ಕಿರಿದೆಂದು ಎಣಿಸದಿರಲಿ. ಒಂದು ನಾಡಿನ ಕವಿತೆ ಮನೆಮನೆಯನ್ನು ಹೊಕ್ಕುದು ಅಂಥ ಪಲ್ಲವಿಗಳ ಬಲದಿಂದಲೇ.