ಭೂತಾನದ ಪರರಾಷ್ಟ್ರನೀತಿಯೂ ನಮ್ಮ ಹೊಣೆಯೂ

ಹಿಮಾಲಯದ ಪೂರ್ವಪಾರ್ಶ್ವದಲ್ಲಿರುವ ಭೂತಾನ ದೇಶದ ಹೆಸರು ನಮ್ಮ ವೃತ್ತಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಗಡಿಯಲ್ಲಿ ಗದ್ದಲವೆದ್ದಾಗ ನಾಲ್ಕು ದಿನ ಅದರ ಮಾತು ಕೇಳಿಬರುತ್ತದೆ, ಗದ್ದಲವಡಗಿದೊಡನೆ ಮರೆತುಹೋಗುತ್ತದೆ. ಅದರ ವಿಸ್ತೀರ್ಣ 38 ಸಾವಿರ ಚದರ ಕಿಲೋಮೀಟರಿಗೆ ಕೊಂಚ ಮಿಕ್ಕಿದ್ದು, ಎಂದರೆ ನಮ್ಮ ಕರ್ನಾಟಕದ ಐದರಲ್ಲೊಂದು ಪಾಲು. 2017ನೆಯ ಇಸವಿಯ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ಏಳೂಕಾಲು ಲಕ್ಷಕ್ಕೆ ತುಸು ಮೇಲೆ. ಉತ್ತರದಲ್ಲಿ ಚೀನಾದ ಕೈಕೆಳಗಿನ ಟಿಬೆಟ್ಟು, ಉಳಿದ ಮೂರು ದಿಕ್ಕುಗಳಲ್ಲಿಯೂ ಭಾರತ. ಇಂತಹ ದೇಶಕ್ಕೆ ಪರರಾಷ್ಟ್ರನೀತಿಯೆಂಬುದೊಂದು ಇರಲು ಸಾಧ್ಯವೇ ಎಂದು ಕೇಳುವವರುಂಟು. ಸಾಧ್ಯವೆಂಬುದಷ್ಟೇ ಅಲ್ಲ, ಆ ನೀತಿಯು ಸುಮಾರು ಒಂದು ಶತಮಾನದ ಕಾಲ ಒಂದೇ ಉದ್ದೇಶವನ್ನು ಬಿಡದೆ ಹಿಡಿದು ನಡೆದು ಬಂದಿತೆಂದು ನಾವು ಹೇಳುತ್ತೇವೆ. ತನ್ನ ಮೇಲೆ ಹೇರಲ್ಪಟ್ಟ ಒಂದು ವಾಕ್ಯವನ್ನು ಯಾರೊಡನೆಯೂ ಕಾದಾಡದೆ ಅಳಿಸಿಕೊಳ್ಳುವುದೇ ಆ ಉದ್ದೇಶ. ವಾಕ್ಯವನ್ನು ಬರೆದವರು ಆಂಗ್ಲರು. ಅವರಿಂದ ಅದನ್ನು ಪಡೆದುಕೊಂಡು ಐವತ್ತೇಳು ವರ್ಷಗಳಿಗೂ ಹೆಚ್ಚು ಕಾಲ ಉಳಿಸಿಕೊಂಡವರು ನಾವು.

ಭೂತಾನಕ್ಕೂ ಆಂಗ್ಲರಿಗೂ ಯುದ್ಧ ನಡೆದು 1865ರಲ್ಲಿ ಸಿಂಚುಲಾ ಎಂಬಲ್ಲಿ ಸಂಧಿಯಾಯಿತು. ಬೆಟ್ಟದ ತಪ್ಪಲಿನ ದುವಾರುಗಳೆಂಬ ಫಲವತ್ತಾದ ಪ್ರದೇಶ ಭೂತಾನದ ಕೈಬಿಟ್ಟುಹೋಯಿತು. ಪ್ರತಿಯಾಗಿ ವರ್ಷಕ್ಕೆ 50 ಸಾವಿರ ರೂಪಾಯಿ ಕೊಡುವುದೆಂದಾಯಿತು. 1910ರ ಜನವರಿಯಲ್ಲಿ ಪುನಾಖಾದಲ್ಲಿ ಆದ ಒಪ್ಪಂದದಿಂದ ಆ ಮೊಬಲಗು ಒಂದು ಲಕ್ಷಕ್ಕೇರಿತು. ದೇಶದೊಳಗಿನ ಆಡಳಿತದಲ್ಲಿ ಆಂಗ್ಲ ಸರ್ಕಾರ ಕೈಹಾಕುವುದಿಲ್ಲವೆಂದೂ, ಹೊರಗಿನ ಸಂಬಂಧಗಳಲ್ಲಿ ಮಾತ್ರ ಭೂತಾನವು ಅದರ ಸಲಹೆಯಂತೆ ನಡೆದುಕೊಳ್ಳತಕ್ಕದ್ದೆಂದೂ ಅದರಲ್ಲಿ ಬರೆಯಲ್ಪಟ್ಟಿತು. ಸಲಹೆ ಎಂಬ ಶಬ್ದ ಬಹು ಮೃದುವಾದದ್ದು. ಮೈಸೂರು ಸಂಸ್ಥಾನದ ಚರಿತ್ರೆಯನ್ನು ಬಲ್ಲವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆಂಗ್ಲ ರೆಸಿಡೆಂಟನು ವಾಸವಾಗಿದ್ದ ಬೆಂಗಳೂರಿನ ಬಂಗಲೆ ಇಂದು ರಾಜಭವನವಾಗಿದೆ. ರೆಸಿಡೆನ್ಸಿ ರಸ್ತೆಯ ಹೆಸರು ಜನರ ಬಾಯಲ್ಲಿ ಇನ್ನೂ ಇದೆ. ಭೂತಾನಕ್ಕೆ ಅಂತಹ ಸಲಹೆಗಾರನು ಸಿಕ್ಕಿಮಿನ ಗ್ಯಾಂಗ್‌ಟೋಕಿನಲ್ಲಿ ಕುಳಿತಿದ್ದ ಪೊಲಿಟಿಕಲ್ ಆಫೀಸರನು. ತನ್ನ ರಾಜಧಾನಿಯಲ್ಲಿ ರೆಸಿಡೆಂಟನೊಬ್ಬನು ಬಂದು ಬೀಡುಬಿಡದಂತೆ ನೋಡಿಕೊಂಡದ್ದು ಆ ದೇಶದ ಮೊದಲ ಜಾಣ್ಮೆ ಎನ್ನಬಹುದು.

1947ರಲ್ಲಿ ಆಂಗ್ಲರು ತೆರಳಿದರು. ಮೈಸೂರು ಮೊದಲಾದ ಸಂಸ್ಥಾನಗಳು ಭಾರತ ಒಕ್ಕೂಟದಲ್ಲಿ ಸೇರಿದುವು. ಭೂತಾನ ಸೇರಲಿಲ್ಲ. ತಾನು ಸಂಸ್ಥಾನವಲ್ಲ, ಪ್ರತ್ಯೇಕ ದೇಶ ಎಂಬುದು ಅದರ ವಾದ. ಆ ವರ್ಷದ ವಸಂತದಲ್ಲಿ ದೆಹಲಿಯಲ್ಲಿ ಸೇರಿದ್ದ ಏಷ್ಯಾ ಸಮ್ಮೇಳನಕ್ಕೆ ಅದು ತನ್ನವರನ್ನು ಕಳುಹಿಸಿಯೂ ಇತ್ತು. ನಮ್ಮ ಸರ್ಕಾರ ಆ ವಾದವನ್ನು ಒಪ್ಪಿ 1949ರ ಆಗಸ್ಟ್ 8ರಂದು ಡಾರ್ಜಿಲಿಂಗಿನಲ್ಲಿ ಒಪ್ಪಂದ ಮಾಡಿಕೊಂಡಿತು. ವಾರ್ಷಿಕ ಮೊಬಲಗು ಐದು ಲಕ್ಷವಾಯಿತು. ಆಂಗ್ಲರು ಕಿತ್ತುಕೊಂಡಿದ್ದ ದೇವನ್‌ಗಿರಿಯ 32 ಚದರ ಮೈಲಿಯನ್ನು ಹಿಂದಕ್ಕೆ ಕೊಡಲಾಯಿತು. ಇದೆಲ್ಲವೂ ಔದಾರ್ಯವೇ ಸರಿ. ಆದರೆ ಒಪ್ಪಂದದ ಎರಡನೆಯ ವಿಧಿಯಲ್ಲಿ ಪುನಾಖಾದ ವಾಕ್ಯ ಯಥಾವತ್ತಾಗಿ ಬಂದು ಕುಳಿತಿತು. ಆಂಗ್ಲ ಸರ್ಕಾರ ಎಂದಿದ್ದ ಕಡೆ ಭಾರತ ಸರ್ಕಾರ ಎಂದಾಯಿತು, ಅಷ್ಟೇ. ನಮಗೆ ಸ್ವಾತಂತ್ರ್ಯ ಬಂದು ಎರಡು ವರ್ಷ ತುಂಬುವುದಕ್ಕೆ ಆ ದಿನ ಇನ್ನೂ ಏಳು ದಿನಗಳಿದ್ದುವು.

ಅಂದಿನ ಮುತ್ಸದ್ದಿಗಳ ಪಕ್ಷವಾಗಿಯೂ ಹೇಳಬೇಕಾದ ಮಾತುಂಟು. ಚೀನಾದಲ್ಲಿ ರಾಜ್ಯಕ್ರಾಂತಿಯು ಮುಗಿಯುವ ಹಂತಕ್ಕೆ ಬಂದಿತ್ತು. ಟಿಬೆಟ್ಟಿನ ಗತಿ ಏನಾಗುವುದೋ ಎಂಬ ಆತಂಕವಿತ್ತು. ಆ ಆತಂಕ ನಿಜವೂ ಆಯಿತು. ಪಶ್ಚಿಮ ಟಿಬೆಟ್ಟಿನಲ್ಲಿ ಕೈಲಾಸದ ಸುತ್ತ ಭೂತಾನಕ್ಕೆ ಸೇರಿದ್ದ ಹಳ್ಳಿಗಳು 1959ರಲ್ಲಿ ಚೀನಾದ ವಶವಾದುವು. ಭೂತಾನದ ಮೇಲಣ ಆಕ್ರಮಣವನ್ನು ಭಾರತದ ಮೇಲಣ ಆಕ್ರಮಣವೆಂದೇ ಎಣಿಸುವುದಾಗಿ ಪಂಡಿತ ನೆಹರೂರವರು ಅದೇ ವರ್ಷ ಪಾರ್ಲಿಮೆಂಟಿನಲ್ಲಿ ಸಾರಿದರು. ಹಿಂದಿನ ವರ್ಷ ಅವರು ಭೂತಾನಕ್ಕೆ ಹೋಗಿದ್ದಾಗ ಅಲ್ಲಿಗೆ ನಮ್ಮ ಕಡೆಯಿಂದ ನೇರವಾದ ಮೋಟಾರು ರಸ್ತೆಯೇ ಇರಲಿಲ್ಲ; ಸಿಕ್ಕಿಮಿನ ಕಣಿವೆ ದಾಟಿ, ಟಿಬೆಟ್ಟಿನ ಚುಂಬಿ ಕಣಿವೆಯ ಮೂಲಕ ಕುದುರೆಯ ಮೇಲೆ ಸಾಗಬೇಕಾಯಿತು. ಆಮೇಲೆ ಭೂತಾನ ತನ್ನ ಉತ್ತರದ ಬಾಗಿಲನ್ನು ಮುಚ್ಚಿ ದಕ್ಷಿಣದ ಬಾಗಿಲನ್ನು ತೆರೆಯಿತು. ನಮ್ಮ ಇಂಜಿನಿಯರುಗಳು ಫುಂಟ್‌ಶೋಲಿಂಗಿನಿಂದ ಬೆಟ್ಟ ಕಡಿದು ರಸ್ತೆ ಹಾಕಿದರು.

ಎರಡನೆಯ ವಿಧಿಯನ್ನು ಭೂತಾನದವರು ಬಹಿರಂಗವಾಗಿ ಖಂಡಿಸಲಿಲ್ಲ. ಅದರ ಅರ್ಥವನ್ನು ಮಾತ್ರ ಮೆಲ್ಲಮೆಲ್ಲನೆ ಬದಲಾಯಿಸುತ್ತ ಬಂದರು. ಸಲಹೆಯನ್ನು ಕೇಳಬೇಕೆಂದಿದೆಯೇ ಹೊರತು ಕೊಟ್ಟ ಸಲಹೆಗೆ ಕಟ್ಟುಬೀಳಬೇಕೆಂದು ಎಲ್ಲಿದೆ ಎಂಬುದು ಅವರ ವ್ಯಾಖ್ಯಾನ. ನಮ್ಮಲ್ಲಿಯ ವಕೀಲರೂ ಮೆಚ್ಚತಕ್ಕ ವ್ಯಾಖ್ಯಾನ! 1962ರಲ್ಲಿ ಕೊಲಂಬೊ ಯೋಜನೆಗೆ ಸೇರಿದರು. ಅದೇ ವರ್ಷ ಅಂಚೆಚೀಟಿಗಳನ್ನು ಹೊರಡಿಸತೊಡಗಿದರು. ರಾಯಭಾರಿಗಳು ಹೋಗಲಾರದ ಊರುಗಳಿಗೆ ಆ ಬಣ್ಣಬಣ್ಣದ ಚೀಟಿಗಳು ದೇಶದ ಹೆಸರನ್ನು ಕೊಂಡೊಯ್ದುವು. 1969ರಲ್ಲಿ ಜಾಗತಿಕ ಅಂಚೆ ಒಕ್ಕೂಟದ ಸದಸ್ಯತ್ವ ಬಂದಿತು. 1971ರ ಸೆಪ್ಟೆಂಬರಿನಲ್ಲಿ, ಭಾರತವೇ ಮುಂದೆ ನಿಂತು ಸೂಚಿಸಿದುದರಿಂದ, ಭೂತಾನ ವಿಶ್ವಸಂಸ್ಥೆಯನ್ನು ಪ್ರವೇಶಿಸಿತು. ಮೂರು ತಿಂಗಳು ಕಳೆಯುವುದರೊಳಗಾಗಿ, ಡಿಸೆಂಬರ್ 6ರಂದು, ಬಾಂಗ್ಲಾದೇಶವನ್ನು ಸ್ವತಂತ್ರ ರಾಷ್ಟ್ರವೆಂದು ಮನ್ನಿಸಿತು. ನಾವು ಆ ಮನ್ನಣೆಯನ್ನು ಕೊಟ್ಟದ್ದೂ ಅದೇ ದಿನ. ಪಡೆದ ದನಿಯನ್ನು ಮೊದಲ ಸಲ ಗಟ್ಟಿಯಾಗಿ ಎತ್ತಿದ್ದು ನಮ್ಮ ಪಕ್ಷದಲ್ಲಿ ಎಂಬುದನ್ನು ನಾವು ಮರೆಯಲಾಗದು. ಎಲ್ಲ ಸಲವೂ ಹಾಗಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ: 1979ರಲ್ಲಿ ಹವಾನಾದ ಅಲಿಪ್ತ ರಾಷ್ಟ್ರಗಳ ಸಮ್ಮೇಳನದಲ್ಲಿ ಕಾಂಬೋಡಿಯದ ಪ್ರಾತಿನಿಧ್ಯವನ್ನು ಕುರಿತು ಅದು ನಮಗಿಂತ ಬೇರೆಯಾದ ನಿಲುವನ್ನು ತಳೆಯಿತು, ನಾವು ಒಲ್ಲೆವೆಂದ ಪರಮಾಣು ಪ್ರಸರಣ ನಿಷೇಧದ ಒಪ್ಪಂದವನ್ನು 1985ರಲ್ಲಿ ಒಪ್ಪಿಕೊಂಡಿತು.

ಈ ನಿಧಾನದ ಬೆಲೆ ತಿಳಿಯಬೇಕಾದರೆ ಪಕ್ಕದ ಸಿಕ್ಕಿಮನ್ನು ನೋಡಬೇಕು. 1950ರ ಒಪ್ಪಂದದಿಂದ ಅದು ಭಾರತದ ರಕ್ಷಿತ ರಾಜ್ಯವಾಯಿತು. 1975ರಲ್ಲಿ ಭಾರತದ ಒಂದು ರಾಜ್ಯವೇ ಆಯಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ವಿಶ್ವಸಂಸ್ಥೆಯಲ್ಲಿ ಅದಕ್ಕೆ ಪೀಠವಿರಲಿಲ್ಲ, ಭೂತಾನಕ್ಕೆ ಇತ್ತು. ಥಿಂಫುವಿನ ಅಧಿಕಾರಿಗಳು ಈ ವ್ಯತ್ಯಾಸವನ್ನು ಗಮನಿಸದೆ ಇದ್ದಿರಲಾರರು.

ಇನ್ನು ಅವರ ರಾಯಭಾರದ ವ್ಯವಸ್ಥೆ. 1970ರಲ್ಲಿ ವಿದೇಶಾಂಗ ಇಲಾಖೆಯೊಂದು ಹುಟ್ಟಿ ಎರಡು ವರ್ಷಗಳಲ್ಲಿ ಮಂತ್ರಾಲಯವಾಯಿತು. ಮೊದಲನೆಯ ಮಂತ್ರಿ ದಾವಾ ತ್ಸೆರಿಂಗರು 1972ರಿಂದ 1998ರ ವರೆಗೆ ಆ ಸ್ಥಾನದಲ್ಲಿದ್ದರು. ಇಪ್ಪತ್ತಾರು ವರ್ಷ! ಅಷ್ಟರಲ್ಲಿ ದೆಹಲಿಯಲ್ಲಿ ಎಷ್ಟು ಮಂದಿ ವಿದೇಶಾಂಗ ಸಚಿವರು ಬಂದುಹೋದರೆಂಬುದನ್ನು ಓದುಗರೇ ಎಣಿಸಿಕೊಳ್ಳಬಹುದು. ಪರದೇಶಗಳಲ್ಲಿ ಭೂತಾನದ ಕಚೇರಿಗಳು ಬಹು ಸ್ವಲ್ಪ: ದೆಹಲಿ, ಢಾಕಾ, ಬ್ಯಾಂಕಾಕ್, ಕುವೈತ್, ಬ್ರಸೆಲ್ಸ್, ಜಿನೀವಾ, ನ್ಯೂಯಾರ್ಕ್, ಈಚೆಗೆ ಕ್ಯಾನ್‌ಬೆರ. ಒಬ್ಬೊಬ್ಬ ರಾಯಭಾರಿ ಹಲವು ದೇಶಗಳ ಕೆಲಸ ನೋಡಿಕೊಳ್ಳುತ್ತಾನೆ. ಅವರ ಸಿವಿಲ್ ಸರ್ವೀಸಿನ ತರುಣರು ನಮ್ಮ ಮಸ್ಸೂರಿಯ ಅಕಾಡೆಮಿಗೆ ಬಂದು ನಮ್ಮ ಐ.ಎ.ಎಸ್. ತರುಣರ ಜೊತೆಯಲ್ಲಿ ಕುಳಿತು ಪಾಠ ಕೇಳುವುದೂ ಉಂಟು. ಥಿಂಫುವಿನಲ್ಲಿ ಪರದೇಶದ ರಾಯಭಾರ ಕಚೇರಿಗಳು ಬೆರಳೆಣಿಕೆಯಷ್ಟು. ಭಾರತದ್ದೂ ಬಾಂಗ್ಲಾದೇಶದ್ದೂ ಅವುಗಳಲ್ಲಿ ಮುಖ್ಯವಾದವು. ಎಲ್ಲಕ್ಕಿಂತ ವಿಶೇಷವೆಂದರೆ, ಭದ್ರತಾ ಸಮಿತಿಯ ಐದು ಖಾಯಂ ರಾಷ್ಟ್ರಗಳಲ್ಲಿ ಒಂದರೊಡನೆಯೂ ರಾಯಭಾರ ಸಂಬಂಧವನ್ನು ಬೆಳೆಸದೆ ಭೂತಾನ ಅರ್ಧ ಶತಮಾನವನ್ನು ಕಳೆದಿದೆ. ಅಮೆರಿಕಕ್ಕೆ ಬಾಗಿಲು ತೆರೆದರೆ ಚೀನಾಕ್ಕೆ ಇಲ್ಲವೆನ್ನುವುದು ಹೇಗೆ? ಚೀನಾಕ್ಕೆ ತೆರೆದರೆ ಭಾರತ ಸುಮ್ಮನಿರುವುದೇ? ಎರಡು ಕೋಣಗಳು ಕಾದಾಡಿದರೆ ನಡುವಣ ಗಿಡಕ್ಕೆ ಸಾವು ಎಂಬ ನಮ್ಮ ನಾಡಗಾದೆಯನ್ನು ಅವರು ಕೇಳಿರಲಾರರು, ಅದರಂತೆ ನಡೆದಿದ್ದಾರೆ.

ಹೊರಗಿನವರೊಡನೆ ಇಷ್ಟು ನಯವಾಗಿ ನಡೆದ ಈ ಸರ್ಕಾರ ತನ್ನ ಪ್ರಜೆಗಳೆಲ್ಲರೊಡನೆಯೂ ಹಾಗೆ ನಡೆಯಲಿಲ್ಲವೆಂಬುದನ್ನು ಮುಚ್ಚಿಡಲಾಗದು. 1990ರ ದಶಕದಲ್ಲಿ ದಕ್ಷಿಣ ಭೂತಾನದ ನೇಪಾಳಿ ಭಾಷಿಕರು ಒಂದು ಲಕ್ಷದಷ್ಟು ಮಂದಿ ದೇಶ ತೊರೆದು ಪೂರ್ವ ನೇಪಾಳದ ಶಿಬಿರಗಳನ್ನು ಸೇರಬೇಕಾಯಿತು. ಎರಡು ಸರ್ಕಾರಗಳ ನಡುವೆ 2003ರ ವರೆಗೆ 15 ಸುತ್ತು ಮಾತುಕತೆ ನಡೆಯಿತು. ಒಂದು ಸಂಸಾರವೂ ಅದರಿಂದ ಮನೆಗೆ ಹಿಂತಿರುಗಲಿಲ್ಲ. ಕೊನೆಗೆ ಅಮೆರಿಕ ಮೊದಲಾದ ಎಂಟು ದೇಶಗಳು ಅವರಲ್ಲಿ ಬಹುಮಂದಿಗೆ ಆಶ್ರಯ ಕೊಟ್ಟವು. ಆ ಜನ ನೇಪಾಳಕ್ಕೆ ಹೋದದ್ದು ನಮ್ಮ ನೆಲದ ಮೇಲೆಯೇ ಹಾದು. ಭೂತಾನದ ಮೇಲೆ ಸಲಹೆಯ ಹಕ್ಕನ್ನು ಹೊಂದಿದ್ದ ದೆಹಲಿ, ಸಲಹೆ ನಿಜವಾಗಿ ಬೇಕಾಗಿದ್ದ ಆ ಕಾಲದಲ್ಲಿ ಇದು ಅವರಿಬ್ಬರ ವಿಷಯವೆಂದು ಕೈಕಟ್ಟಿ ಕುಳಿತಿತು.

2003ರ ಡಿಸೆಂಬರಿನಲ್ಲಿ ಭೂತಾನದ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ಕರು ತಮ್ಮ ಪುಟ್ಟ ಸೇನೆಯನ್ನು ತೆಗೆದುಕೊಂಡು ಹೋಗಿ, ಕಾಡಿನಲ್ಲಿ ಬೀಡುಬಿಟ್ಟಿದ್ದ ಅಸ್ಸಾಮಿನ ಮತ್ತು ಉತ್ತರ ಬಂಗಾಳದ ಬಂಡುಕೋರರ 30 ಶಿಬಿರಗಳನ್ನು ತೆರವು ಮಾಡಿಸಿದರು. ಮೂರು ವರ್ಷಗಳಾದ ಮೇಲೆ, 2007ರ ಫೆಬ್ರವರಿ 8ರಂದು, ದೆಹಲಿಯಲ್ಲಿ ಹೊಸ ಒಪ್ಪಂದಕ್ಕೆ ಸಹಿಯಾಯಿತು. ಸಲಹೆಯ ಮಾತು ಬಿಟ್ಟುಹೋಯಿತು. ತಂತಮ್ಮ ಹಿತದ ವಿಷಯಗಳಲ್ಲಿ ಎರಡು ದೇಶಗಳೂ ನಿಕಟವಾಗಿ ಸಹಕರಿಸುವುವೆಂದೂ, ಒಬ್ಬರ ನೆಲವನ್ನು ಮತ್ತೊಬ್ಬರಿಗೆ ಕೇಡಾಗುವಂತೆ ಬಳಸಗೊಡುವುದಿಲ್ಲವೆಂದೂ ಬರೆಯಲಾಯಿತು. ಪುನಾಖಾದಿಂದ ದೆಹಲಿಗೆ ಬರಲು ತೊಂಬತ್ತೇಳು ವರ್ಷ ಹಿಡಿಯಿತು.

ಕಾಗದದಲ್ಲಿ ಅಳಿದದ್ದು ಅಧಿಕಾರಿಗಳ ಅಭ್ಯಾಸದಲ್ಲಿ ಅಷ್ಟು ಬೇಗ ಅಳಿಯುವುದಿಲ್ಲ. 2007ರಲ್ಲಿ ಇಪ್ಪತ್ತರ ಆಸುಪಾಸಿನಲ್ಲಿದ್ದ ಭೂತಾನದ ರಾಯಭಾರ ಸಂಬಂಧಗಳು 2013ರ ಹೊತ್ತಿಗೆ ಐವತ್ತನ್ನು ಮೀರಿದುವು. 2012ರ ಜೂನ್ ತಿಂಗಳಿನಲ್ಲಿ ಪ್ರಧಾನಿ ಜಿಗ್ಮೆ ಥಿನ್ಲೆಯವರು ರಿಯೊ ನಗರದಲ್ಲಿ ಚೀನಾದ ಪ್ರಧಾನಿಯನ್ನು ಕಂಡು ಮಾತನಾಡಿದರು. ದೆಹಲಿಗೆ ಇದು ಹಿತವಾಗಲಿಲ್ಲ. ಮರುವರ್ಷದ ಜುಲೈ ಮೊದಲಲ್ಲಿ, ಭೂತಾನದಲ್ಲಿ ಚುನಾವಣೆಗೆ ಎರಡು ವಾರ ಉಳಿದಿದ್ದಾಗ, ಅಡಿಗೆಯ ಅನಿಲಕ್ಕೂ ಸೀಮೆಯೆಣ್ಣೆಗೂ ನಾವು ಕೊಡುತ್ತಿದ್ದ ರಿಯಾಯಿತಿ ನಿಂತುಹೋಯಿತು. ಯೋಜನೆಯ ಅವಧಿ ಮುಗಿದುದರಿಂದ ಹಾಗಾಯಿತೆಂದು ಕಾರಣ ಹೇಳಲಾಯಿತು. ಥಿನ್ಲೆಯವರ ಪಕ್ಷ ಸೋತಿತು. ಆಗಸ್ಟಿನಲ್ಲಿ ರಿಯಾಯಿತಿ ಮರಳಿ ಬಂದಿತು. ಕಾರಣ ನಿಜವೇ ಇದ್ದೀತು. ಆದರೆ ಥಿಂಫುವಿನ ಗೃಹಿಣಿ ಒಲೆಯ ಮುಂದೆ ನಿಂತು ಅದನ್ನು ನಂಬಿದಳೆಂದು ನಾವು ನಂಬಲಾರೆವು.

ಇಂದು ಎದುರಿಗಿರುವ ಪ್ರಶ್ನೆ ಉತ್ತರದ ಗಡಿಯದು. 1984ರ ವರೆಗೆ ಆ ವಿಷಯವನ್ನು ಭೂತಾನದ ಪರವಾಗಿ ನಾವೇ ಆಡುತ್ತಿದ್ದೆವು. ಅಂದಿನಿಂದ ಭೂತಾನ ಚೀನಾದೊಡನೆ ನೇರವಾಗಿ ಮಾತನಾಡುತ್ತಿದೆ. 1998ರ ಒಪ್ಪಂದದಲ್ಲಿ ಚೀನಾ ಭೂತಾನದ ಸಾರ್ವಭೌಮತ್ವವನ್ನು ಮನ್ನಿಸುವುದಾಗಿ ಬರೆದುಕೊಟ್ಟಿತು. ಅದಕ್ಕೂ ಎರಡು ವರ್ಷ ಮುಂಚೆ ಅದೊಂದು ವಿನಿಮಯವನ್ನು ಸೂಚಿಸಿತ್ತು: ಉತ್ತರದ ಜಕರ್‌ಲುಂಗ್, ಪಸಮ್‌ಲುಂಗ್ ಕಣಿವೆಗಳ 495 ಚದರ ಕಿಲೋಮೀಟರನ್ನು ತಾನು ಬಿಡುವುದು, ಡೋಕ್ಲಾಮ್ ಸೇರಿದಂತೆ ಪಶ್ಚಿಮದ 269 ಚದರ ಕಿಲೋಮೀಟರನ್ನು ಭೂತಾನ ಬಿಡುವುದು. ಲೆಕ್ಕದಲ್ಲಿ ಭೂತಾನಕ್ಕೆ ಲಾಭವೇ. ಆದರೆ ಡೋಕ್ಲಾಮಿನ ದಕ್ಷಿಣಕ್ಕೆ ನಮ್ಮ ಸಿಲಿಗುರಿಯ ಇಕ್ಕಟ್ಟಾದ ನೆಲವಿದೆ. ಈಶಾನ್ಯ ಭಾರತವೆಲ್ಲವೂ ಆ ಒಂದು ಕೊರಳಿನಿಂದ ಉಸಿರಾಡುತ್ತದೆ. ಭೂತಾನ ಆ ವಿನಿಮಯಕ್ಕೆ ಒಪ್ಪಲಿಲ್ಲ. 2017ರಲ್ಲಿ ಚೀನೀಯರು ಡೋಕ್ಲಾಮಿನಲ್ಲಿ ರಸ್ತೆ ಹಾಕತೊಡಗಿದಾಗ ನಮ್ಮ ಸೈನಿಕರು ಅಡ್ಡಹೋಗಿ ಸುಮಾರು ಎರಡೂವರೆ ತಿಂಗಳು ಎದುರೆದುರಾಗಿ ನಿಂತರು. ನಮ್ಮ ಪತ್ರಿಕೆಗಳೂ ಪೀಕಿಂಗಿನ ಪತ್ರಿಕೆಗಳೂ ಒಂದನ್ನೊಂದು ಮೀರಿ ಗರ್ಜಿಸಿದುವು. ಭೂತಾನದ ವಿದೇಶಾಂಗ ಮಂತ್ರಾಲಯ ಹೊರಡಿಸಿದ್ದು ಒಂದೇ ಒಂದು ಚಿಕ್ಕ ಹೇಳಿಕೆ: ರಸ್ತೆಯ ಕೆಲಸ ಒಪ್ಪಂದಗಳಿಗೆ ವಿರುದ್ಧ, ಜೂನ್ 16ಕ್ಕೆ ಮುಂಚಿನ ಸ್ಥಿತಿಯೇ ಉಳಿಯಬೇಕು. ಆಮೇಲೆ ಮೌನ.

2023ರ ಮಾರ್ಚಿಯಲ್ಲಿ ಪ್ರಧಾನಿ ಲೋಟೆ ತ್ಸೆರಿಂಗರು ಬೆಲ್ಜಿಯಮ್ಮಿನ ಪತ್ರಿಕೆಯೊಂದಕ್ಕೆ, ಡೋಕ್ಲಾಮ್ ಪ್ರಶ್ನೆಯು ತಮ್ಮೊಬ್ಬರಿಂದ ತೀರುವುದಲ್ಲ, ಸಮಾನರಾದ ಮೂವರು ಕೂಡಿಯೇ ತೀರಿಸಬೇಕೆಂದು ಹೇಳಿದಾಗ ನಮ್ಮಲ್ಲಿ ಕೆಲವರು ಭೂತಾನ ಕೈಬಿಟ್ಟಿತೆಂದು ಬೊಬ್ಬೆಯೆಬ್ಬಿಸಿದರು. ಆ ವರ್ಷದ ಅಕ್ಟೋಬರಿನಲ್ಲಿ ಅವರ ವಿದೇಶಾಂಗ ಮಂತ್ರಿ ಪೀಕಿಂಗಿಗೆ ಹೋಗಿ 25ನೆಯ ಸುತ್ತಿನ ಮಾತುಕತೆ ನಡೆಸಿದರು. ಡೋಕ್ಲಾಮನ್ನು ಬದಿಗಿಟ್ಟು ಉತ್ತರದ ಗಡಿಯನ್ನು ಮೊದಲು ಗೊತ್ತುಮಾಡಿಕೊಳ್ಳಲು ಭೂತಾನ ಹೊರಟರೆ ನಾವು ಅಡ್ಡ ಬರಬಾರದು. ಭೂತಾನ ನಮ್ಮ ಕ್ಷೇಮವನ್ನೂ ಎಣಿಸಿಯೇ 1996ರ ವಿನಿಮಯವನ್ನು ಒಲ್ಲೆನೆಂದಿತೆಂಬುದು ದೆಹಲಿಯ ಅಧಿಕಾರಿಗಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಈ ನಡುವೆ ಜಕರ್‌ಲುಂಗ್ ಕಣಿವೆಯಲ್ಲಿಯೂ, ಅದರ ನೆರೆಯ, ಭೂತಾನದವರು ಪುಣ್ಯಭೂಮಿಯೆಂದು ಭಾವಿಸುವ ಬೇಯುಲ್‌ನಲ್ಲಿಯೂ ಚೀನೀಯರು ಹಳ್ಳಿಗಳನ್ನು ಕಟ್ಟಿರುವುದು ಉಪಗ್ರಹದ ಚಿತ್ರಗಳಿಂದ ತಿಳಿದುಬಂದಿದೆ; ಒಂದೊಂದು ಸುತ್ತಿನ ಮಾತುಕತೆಗೆ ಕಾಯುವಷ್ಟರಲ್ಲಿ ಅಲ್ಲಿ ಇನ್ನಷ್ಟು ಮನೆಗಳು ಏಳುತ್ತಿವೆ.