ಕೋಲ್ಡ್ ರೂಂ ಕಂಪ್ರೆಸರ್ ಸುಟ್ಟಿತೆ? ಕಾರಣ ಬರೆಸಿ, ಆಮೇಲೆ ಸಾಗಿಸಿ

ಕೆ.ಆರ್. ಪುರದಾಚೆ ಹೂವು, ತರಕಾರಿ ಬೆಳೆಯುವ ನಮ್ಮಂಥ ಕೆಲವರು ಸಣ್ಣ ಕೋಲ್ಡ್ ರೂಂ ಇಟ್ಟುಕೊಂಡಿದ್ದೇವೆ. ಸಂಜೆ ಕೊಯ್ದ ಗುಲಾಬಿ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಮುಟ್ಟುವ ತನಕ ಬಾಡಬಾರದಲ್ಲ! ಬೇಸಿಗೆಯಲ್ಲಿ ಕಂಪ್ರೆಸರ್ ಸುಟ್ಟರೆ ಯಂತ್ರವೂ ಹೋಯ್ತು, ಹೂವೂ ಹೋಯ್ತು. ವಿಮೆ ಇದ್ದರೂ ಹಣ ಬರುವುದು, ಬಿಡುವುದು ಒಂದು ಪ್ರಶ್ನೆಯ ಮೇಲೆ ನಿಂತಿದೆ: ಯಾಕೆ ಕೆಟ್ಟಿತು?

'ಸಿಡಿಲಿಗೆ ಹೋಗಿದೆ, ಹೊಸದು ಹಾಕಿ' ಅಂತ ಮೆಕ್ಯಾನಿಕ್ ಬರೆದ ಚೀಟಿ ಸಾಲದು. ಸುಟ್ಟ ವೈಂಡಿಂಗೇ ಸಾಕ್ಷಿ ಹೇಳುತ್ತದೆ. ಬೋರ್‌ವೆಲ್ ಮೋಟರ್ ರೀವೈಂಡಿಂಗ್ ಮಾಡಿಸಿದವರಿಗೆ ಇದು ಹೊಸದಲ್ಲ. ಮೂರು ಫೇಸಿನಲ್ಲಿ ಒಂದು ಹೋದ ಮೇಲೂ ಮೋಟರ್ ಓಡಿದ್ದರೆ, ಸ್ಟಾರ್ ಜೋಡಣೆಯಲ್ಲಿ ಎರಡು ಫೇಸಿನ ಸುರುಳಿ ಕಪ್ಪಾಗಿ ಮೂರನೆಯದು ಹಾಗೇ ಉಳಿಯುತ್ತದೆ. ಡೆಲ್ಟಾ ಆದರೆ ಒಂದು ಮಾತ್ರ ಕಪ್ಪು. ಓಲ್ಟೇಜ್ ಕಮ್ಮಿಯಾಗಿ, ಲೋಡ್ ಜಾಸ್ತಿಯಾಗಿ ಬೆಂದರೆ ಮೂರೂ ಒಂದೇ ಸಮ ಸುಡುತ್ತವೆ. ಓಲ್ಟೇಜ್ ಒಮ್ಮೆಲೇ ಏರಿದ್ದರೆ ಸಾಮಾನ್ಯವಾಗಿ ಒಂದು ಜಾಗದಲ್ಲಷ್ಟೇ ಇನ್ಸುಲೇಷನ್ ತೂತು ಬಿದ್ದಿರುತ್ತದೆ.

ಬಿಚ್ಚಲಾಗದ ಸೀಲ್ಡ್ ಕಂಪ್ರೆಸರ್ ಆದರೆ ಮೆಗ್ಗರ್ ಹಿಡಿಸಿ, ವೈಂಡಿಂಗಿನ ರೆಸಿಸ್ಟೆನ್ಸ್ ಅಳೆಸಿ, ಅಂಕಿ ಬರೆಸಿಕೊಳ್ಳಿ. ಕೆಪಾಸಿಟರ್, ಕಾಂಟ್ಯಾಕ್ಟರ್ ಮಾತ್ರ ಹೋಗಿದ್ದರೆ ಖರ್ಚು ಸಣ್ಣದು. ಅದಕ್ಕೆ ಇಡೀ ಯಂತ್ರದ ಕ್ಲೇಮು ಹಾಕಿದರೆ ಸರ್ವೇಯರ್ ಒಪ್ಪುವುದಿಲ್ಲ. ಅದೇ ಕಂಪ್ರೆಸರ್ ನಿಜವಾಗಿ ಸುಟ್ಟಿದ್ದರೆ ಪೈಪಿನೊಳಗೆ ಆಮ್ಲ ಉಳಿದಿರುತ್ತದೆ. ಪೈಪು ತೊಳೆಯುವುದು, ಫಿಲ್ಟರ್ ಡ್ರೈಯರ್, ಗ್ಯಾಸ್ ಎಲ್ಲ ಎಸ್ಟಿಮೇಟಿನಲ್ಲಿ ಬರಲೇಬೇಕು. ಬಿಟ್ಟರೆ ಹೊಸ ಕಂಪ್ರೆಸರೂ ಸುಟ್ಟೀತು.

ಇನ್ನು ಪಾಲಿಸಿ. ಬರೀ ಬೆಂಕಿ ವಿಮೆ ಮಾಡಿಸಿ ನಿಶ್ಚಿಂತೆಯಿಂದ ಇರಬೇಡಿ. ಶಾರ್ಟ್ ಸರ್ಕ್ಯೂಟ್, ಅತಿ ಓಲ್ಟೇಜಿನಿಂದ ಅದೇ ಯಂತ್ರಕ್ಕಾದ ಹಾನಿಯನ್ನು ಅದು ಸಾಮಾನ್ಯವಾಗಿ ಹೊರಗಿಡುತ್ತದೆ. ಇದಕ್ಕೆ ಮಷಿನರಿ ಬ್ರೇಕ್‌ಡೌನ್ ಪಾಲಿಸಿ ಬೇಕು. ಒಳಗಿದ್ದ ಹೂವಿಗೆ ಬೇರೆ ರಕ್ಷಣೆ ಬೇಕು.

ವಿಮೆಯ ಮೊತ್ತ ಇಂದು ಹೊಸ ಯಂತ್ರ ಕೊಳ್ಳುವ ಬೆಲೆಗೆ ಸಮ ಇರಲಿ. ಉದಾಹರಣೆಗೆ, 4 ಲಕ್ಷದ ಯಂತ್ರಕ್ಕೆ 3 ಲಕ್ಷದ ವಿಮೆ ಮಾಡಿಸಿದರೆ, 60,000 ರೂ. ರಿಪೇರಿಗೆ ಲೆಕ್ಕ ಸಿಗುವುದು 45,000 ಮಾತ್ರ. ಅದರಲ್ಲೂ ನಮ್ಮ ಪಾಲಿನ ಕಡಿತ ಇದ್ದೇ ಇದೆ.

ಕೆಟ್ಟ ದಿನವೇ ಕಂಪೆನಿಗೆ ಲಿಖಿತವಾಗಿ ತಿಳಿಸಿ. ನೇಮ್‌ಪ್ಲೇಟ್, ಪ್ಯಾನೆಲ್, ಹೂವಿನ ಫೋಟೋ ತೆಗೆಯಿರಿ. ಸುಟ್ಟ ಭಾಗ ಗುಜರಿಗೆ ಹಾಕಬೇಡಿ, ಸರ್ವೇಯರ್ ನೋಡುವ ತನಕ ಜೋಪಾನ. ಸರ್ವಿಸ್ ಬಿಲ್ಲುಗಳನ್ನು ಒಂದು ಫೈಲಿನಲ್ಲಿಡಿ. ಯಂತ್ರ ಸವೆದು ಹೋಯ್ತೋ, ಅಚಾನಕ್ಕಾಗಿ ಕೆಟ್ಟಿತೋ ಅನ್ನುವ ತಕರಾರಿಗೆ ಉತ್ತರ ಕೊಡುವುದು ಆ ಫೈಲೇ.