ಕನ್ನಡಿ ತಿದ್ದಿದ ಚಿತ್ರ

ಕಳೆದ ಬೇಸಿಗೆಯ ರಜೆಯಲ್ಲಿ ಯಲಹಂಕದ ನಮ್ಮ ಮನೆಯಲ್ಲಿ ನಾವೊಂದು ವಸ್ತುಚಿತ್ರವನ್ನು ಬರೆಯತೊಡಗಿದೆವು. ಉತ್ತರದ ಕಿಟಕಿಯ ಬಳಿ ಮೇಜು. ಮೇಜಿನ ಮೇಲೆ ಬಿಳಿಯ ವಸ್ತ್ರ, ಹಿತ್ತಾಳೆಯ ಚೆಂಬು, ದೇವನಹಳ್ಳಿಯ ಒಂದು ಚಕ್ಕೋತ. ಮೂರು ದಿನಗಳ ಶ್ರಮದ ಬಳಿಕ ಚಿತ್ರವು ನಮಗೆ ಬಹು ಸೊಗಸಾಗಿ ಕಂಡಿತು. ಬಂದವರಿಗೆಲ್ಲ ತೋರಿಸಿಯೂ ಆಯಿತು. ನಾಲ್ಕನೆಯ ಬೆಳಿಗ್ಗೆ ಕ್ಷೌರ ಮಾಡಿಕೊಳ್ಳುತ್ತಿದ್ದಾಗ, ಬೆನ್ನ ಹಿಂದಿನ ಗೋಡೆಗೆ ಒರಗಿಸಿದ್ದ ಆ ಚಿತ್ರದ ಬಿಂಬವು ಕನ್ನಡಿಯಲ್ಲಿ ಕಣ್ಣಿಗೆ ಬಿದ್ದಿತು. ಚೆಂಬು ವಾಲಿತ್ತು! ಅದರ ಬಾಯಿ ನಮ್ಮ ಮೇಲೆಯೇ ಕವಿಚಿಕೊಳ್ಳುವಂತಿತ್ತು. ತಿರುಗಿ ಚಿತ್ರವನ್ನೇ ನೋಡಿದರೆ ಎಲ್ಲವೂ ಸರಿಯಾಗಿಯೇ ತೋರಿತು.

ಸುಳ್ಳು ಹೇಳಿದ್ದು ಕನ್ನಡಿಯೋ, ಕಣ್ಣೋ?

ಸಮತಲ ದರ್ಪಣವು ಎಡಬಲಗಳನ್ನು ಬದಲಿಸಿದಂತೆ ತೋರಿಸುವುದೇ ಹೊರತು ಅಳತೆಗಳನ್ನು ಕೆಡಿಸುವುದಿಲ್ಲ. ಆದ್ದರಿಂದ ದೋಷವು ಚಿತ್ರದಲ್ಲಿಯೇ ಇದ್ದಿತು. ಚಿತ್ರಕಾರನು ತನ್ನ ಕೃತಿಯನ್ನು ಕನ್ನಡಿಯಲ್ಲಿ ನೋಡಿ ಪರೀಕ್ಷಿಸಬೇಕೆಂದು ಲಿಯೊನಾರ್ಡೊ ಡ ವಿಂಚಿ ಐದು ಶತಮಾನಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಅದರ ಕಾರಣ ಮಾತ್ರ ಬಹು ಕಾಲದ ಮೇಲೆ ತಿಳಿಯಿತು. ವಾಲಿದ ಗೆರೆಯನ್ನು ಎಡೆಬಿಡದೆ ನೋಡುತ್ತಿದ್ದರೆ ಅದು ಕ್ರಮೇಣ ನೆಟ್ಟಗಿರುವಂತೆ ತೋರುವುದೆಂದು 1937ರಲ್ಲಿ ಗಿಬ್ಸನ್ ಮತ್ತು ರಾಡ್ನರ್ ಎಂಬ ಮನೋವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದರು. ನಮ್ಮ ಕಣ್ಣೂ ಹಾಗೆಯೇ ಎಡಕ್ಕೆ ವಾಲಿದ ಚೆಂಬಿಗೆ ಒಗ್ಗಿಹೋಗಿತ್ತು. ಕನ್ನಡಿಯಲ್ಲಿ ಅದು ಬಲಕ್ಕೆ ವಾಲಿದೊಡನೆ ಆ ರೂಢಿ ನೆರವಿಗೆ ಬರಲಿಲ್ಲ. ತಪ್ಪು ಇಮ್ಮಡಿಯಾಗಿ ಕಂಡಿತು.

ಇನ್ನು ಚೆಂಬಿನ ಬಾಯಿ. ವೃತ್ತವನ್ನು ಓರೆಯಾಗಿ ನೋಡಿದಾಗ ಅದು ದೀರ್ಘವೃತ್ತವಾಗಿ ಕಾಣುವುದು. ಅದರ ಎತ್ತರವನ್ನು ಅಗಲದಿಂದ ಭಾಗಿಸಿದರೆ ದೃಷ್ಟಿಕೋನದ ಸೈನ್ ಬೆಲೆ ದೊರೆಯುತ್ತದೆ. ನಾವು ಕುಳಿತು ನೋಡಿದ ಕೋನ ಸುಮಾರು 30 ಡಿಗ್ರಿ; ಎಂದರೆ 8 ಸೆಂಟಿಮೀಟರು ಅಗಲದ ಬಾಯಿಗೆ 4 ಸೆಂಟಿಮೀಟರು ಎತ್ತರವಿರಬೇಕು. ಅಳತೆಪಟ್ಟಿಯಿಟ್ಟು ನೋಡಿದೆವು: 6 ಇದ್ದಿತು! ಅದು 49 ಡಿಗ್ರಿ ಮೇಲಿನಿಂದ ಕಾಣಬೇಕಾದ ಬಾಯಿ. ಚೆಂಬಿನ ಬಾಯಿ ದುಂಡಗಿದೆಯೆಂಬ ತಿಳಿವಳಿಕೆಯು ಕೈಯನ್ನು ಎಳೆದೊಯ್ದಿತ್ತು. ಓರೆಯಾಗಿಟ್ಟ ತಟ್ಟೆಯ ಕಾಣುವ ಆಕಾರವನ್ನು ಗುರುತಿಸಹೇಳಿದಾಗ ಜನರು ಅದರ ನಿಜವಾದ ಆಕಾರದ ಕಡೆಗೇ ವಾಲುವರೆಂಬುದನ್ನು ಥೌಲೆಸ್ 1931ರಲ್ಲಿ ಪ್ರಕಟಿಸಿದ್ದನು.

ಬಣ್ಣದ ವಿಷಯವೂ ಹೀಗೆಯೇ. ಬಿಸಿಲಿನಲ್ಲಿಟ್ಟ ಕರಿಯ ಕಾಗದವು ಕೋಣೆಯೊಳಗಿನ ಬಿಳಿಯ ಕಾಗದಕ್ಕಿಂತ ಹೆಚ್ಚು ಬೆಳಕನ್ನು ಕಣ್ಣಿಗೆ ಕಳುಹಿಸಬಲ್ಲದು. ಆದರೂ ನಮಗೆ ಕರಿದು ಕರಿದೇ, ಬಿಳಿದು ಬಿಳಿದೇ. ವಸ್ತ್ರ ಬಿಳಿಯದೆಂದು ಬಲ್ಲ ನಾವು ಅದರ ನೆರಳನ್ನೂ ಬಹುಮಟ್ಟಿಗೆ ಬಿಳಿಯಾಗಿಯೇ ಬಳಿದಿದ್ದೆವು. ಹೆಬ್ಬಾಳದಿಂದ ನಗರಕ್ಕೆ ಬರುವ ದಾರಿಯಲ್ಲಿ, ಮೇಖ್ರಿ ವೃತ್ತದ ಆಚೆ, 1948ರಲ್ಲಿ ತಮ್ಮ ಸಂಸ್ಥೆಯನ್ನು ಸ್ಥಾಪಿಸಿದ ಸಿ. ವಿ. ರಾಮನ್ನರು ಕೊನೆಯ ವರ್ಷಗಳಲ್ಲಿ ಹೂಗಳ ಬಣ್ಣವನ್ನೂ ಮಾನವನ ದೃಷ್ಟಿಯನ್ನೂ ಅಭ್ಯಸಿಸಿ 1968ರಲ್ಲಿ ಗ್ರಂಥವನ್ನೇ ಬರೆದರು. ಬೆಳಕನ್ನು ಅರಿತವನಿಗೂ ನೋಟವು ಬೇರೆಯೇ ಆದ ಶಾಸ್ತ್ರವೆಂಬುದು ನಮಗೆ ಆ ಚೆಂಬಿನಿಂದ ಮನದಟ್ಟಾಯಿತು.

ವಾಚಕರು ತಮ್ಮ ಚಿತ್ರವನ್ನು ಕನ್ನಡಿಯಲ್ಲಿ ನೋಡಲಿ, ತಲೆಕೆಳಗಾಗಿಡಲಿ, ಕಣ್ಣನ್ನು ಅರೆಮುಚ್ಚಿ ನೆರಳುಬೆಳಕುಗಳನ್ನು ಹೋಲಿಸಲಿ, ಹದಿನೈದು ದಿನ ಮರೆಯಲ್ಲಿಟ್ಟು ಮತ್ತೆ ಹೊರತೆಗೆಯಲಿ. ಇವೆಲ್ಲವೂ ರೂಢಿಯನ್ನು ಮುರಿಯುವ ಉಪಾಯಗಳು.

ಕಾಲೇಜು ತೆರೆದ ಮೊದಲ ವಾರ ಒಬ್ಬ ವಿದ್ಯಾರ್ಥಿಯು ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷವನ್ನು ಸರಿಯಾಗಿ 9.8 ಎಂದೇ ಬರೆದು ತಂದನು. ಅವನ ಅಳತೆಗಳಿಂದ ಆ ಬೆಲೆ ಬರುತ್ತಿರಲಿಲ್ಲ. ಹಿಂದಾಗಿದ್ದರೆ ಗದರಿಸುತ್ತಿದ್ದೆವು. ಈ ಸಲ ಪುಸ್ತಕವನ್ನು ಪಕ್ಕದವನ ಕೈಗೆ ಕೊಟ್ಟು, ಉತ್ತರವನ್ನು ಮುಚ್ಚಿ, ಅಳತೆಗಳಿಂದ ಲೆಕ್ಕವನ್ನು ಹೊಸದಾಗಿ ಮಾಡಹೇಳಿದೆವು.